ಟ್ರೌಡಲಳ ಪುಟ್ಟ ಪಾದಗಳು

ನಮ್ಮ ಮೈದಾನದಲ್ಲಿ ಯಾರ ಗಾಡಿಯೊಳಗೆ ಏನು ನಡೆದಿದೆ ಎನ್ನುವುದು ಮೊದಲು ತಿಳಿಯುವುದು ನನ್ನ ಬನ್ನಿನ ಕಿಟಕಿಗೆ. ದಿನಾ ನಾಲ್ಕು ಬನ್ನು ಒಯ್ಯುವವರು ಎರಡೇ ಒಯ್ದರೆ ಗಂಡ ಹೆಂಡಿರಲ್ಲಿ ಮಾತು ನಿಂತಿದೆ. ಎಂಟು ಒಯ್ದರೆ ಮಗಳು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಾಳೆ. ನಾನು ಯಾರನ್ನೂ ಏನೂ ಕೇಳುವುದಿಲ್ಲ. ಎಣಿಸಿ ಚೀಲಕ್ಕೆ ಹಾಕುತ್ತೇನೆ.

ವೇಸರ್ ನದಿ ಇಲ್ಲಿ ದೊಡ್ಡದೊಂದು ಸುತ್ತು ಹಾಕುತ್ತದೆ. ಆ ಸುತ್ತಿನೊಳಗಿನ ಹುಲ್ಲಿನ ಮೇಲೆ ಬೇಸಿಗೆಯಲ್ಲಿ ಅರವತ್ತು ಮನೆಗಾಡಿಗಳು ನಿಲ್ಲುತ್ತವೆ. ಒಲೆ, ಹಾಸಿಗೆ, ಕಕ್ಕಸು, ಕಿಟಕಿಪರದೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತ ಗಾಡಿಗಳು. ಎಲ್ಲಿಗೆ ಬೇಕಾದರೂ ಹೋಗಬಹುದೆಂದು ಇವುಗಳನ್ನು ಕೊಂಡವರು ವರ್ಷವರ್ಷವೂ ಇಲ್ಲಿಗೇ ಬರುತ್ತಾರೆ.

ಹದಿನೇಳನೆಯ ಜಾಗ ಗೆರೋಲ್ಡ್ ವಿಟ್‌ಕಾಪ್‌ನದು, ನನ್ನ ಅಂಗಡಿಯ ಹಿಂಗೋಡೆಗೆ ತಾಗಿಕೊಂಡೇ ಇದೆ. ಗೆರೋಲ್ಡ್ ಆರಡಿ ಎತ್ತರದ, ನೂರಹತ್ತು ಕಿಲೋ ತೂಕದ ಮನುಷ್ಯ. ಮೀಸೆ ಇದೆ. ಜಿಲ್ಲೆಯ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಜನರಿಗೆ ಕೊಳಾಯಿ ಯಾಕೆ ಕೊಡಲಾಗುವುದಿಲ್ಲ ಎಂದು ವಿವರಿಸಿ ನಿವೃತ್ತನಾದವನು. ಅವನ ಗಾಡಿಯ ಬಾಗಿಲ ಮುಂದಿನ ಕಾಲೊರಸಿನ ಮೇಲೆ ಸದಾ ನಲವತ್ತನಾಲ್ಕು ನಂಬರಿನ ಒಂದು ಜೊತೆ ಬೂಟು ಇರುತ್ತಿತ್ತು. ಹಾದುಹೋಗುವವರು ಅದನ್ನು ನೋಡಿ, ಇಂಥ ಮನುಷ್ಯನಿಗೆ ಇಂಥ ಬೂಟೇ ಸರಿ ಎಂದುಕೊಳ್ಳುತ್ತಿದ್ದರು.

ಮೇ ತಿಂಗಳಲ್ಲಿ ಒಮ್ಮೆ ನದಿ ಉಕ್ಕಿ ಹುಲ್ಲಿಗೆ ಬಂತು. ಆ ದಿನ ಗೆರೋಲ್ಡ್ ಬರಿಗಾಲಲ್ಲಿ ನೀರು ದಾಟಿ ಬನ್ನಿಗೆ ಬಂದ. ನಾನು ಕೆಳಗೆ ನೋಡಿದೆ. ಅಷ್ಟು ದೊಡ್ಡ ಗಂಟೆಗೋಪುರಕ್ಕೆ ಇಷ್ಟು ಚಿಕ್ಕ ಪಾಯವೇ ಎನಿಸಿತು. ಮೂವತ್ತೆಂಟು ನಂಬರು, ಹೆಚ್ಚಿಲ್ಲ. ಬೂಟಿನೊಳಗಿನ ಉಳಿದ ಜಾಗದಲ್ಲಿ ವೃತ್ತಪತ್ರಿಕೆ ಇರುತ್ತಿತ್ತೆಂದು ಆಮೇಲೆ ತಿಳಿಯಿತು. ನಾವಿಬ್ಬರೂ ಆ ವಿಷಯ ಮಾತಾಡಿಲ್ಲ.

ಬರೇ ಬೂಟಿನ ವಿಷಯವಾಗಿದ್ದರೆ ಕಥೆ ಇರುತ್ತಿರಲಿಲ್ಲ. ಇದು ಪೆಡಲಿನ ವಿಷಯ. ಮನೆಗಾಡಿಯ ಪೆಡಲುಗಳು ಸಾಮಾನು ಲಾರಿಯ ಸಂತಾನ. ನೆಲದಿಂದ ಬಹಳ ಮೇಲಿರುತ್ತವೆ. ಉದ್ದ ಪಾದದವರು ಹಿಮ್ಮಡಿಯನ್ನು ನೆಲಕ್ಕೂರಿ ಬೆರಳಿಂದ ಒತ್ತುತ್ತಾರೆ. ಚಿಕ್ಕ ಪಾದದವರ ಹಿಮ್ಮಡಿ ನೆಲದಲ್ಲಿದ್ದರೆ ಬೆರಳು ಪೆಡಲಿನ ಕೆಳಗಿನ ಅಂಚಿಗಷ್ಟೇ ಮುಟ್ಟುತ್ತದೆ. ಹಾಗಾಗಿ ಇಡೀ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕು, ಕೊಕ್ಕರೆಯ ಹಾಗೆ. ಕೊಕ್ಕರೆಗಾದರೆ ಕ್ಲಚ್ ಇಲ್ಲ. ನಲವತ್ತನಾಲ್ಕರ ಬೂಟು ಹಾಕಿ ಓಡಿಸಲು ಗೆರೋಲ್ಡ್ ಒಮ್ಮೆ ನೋಡಿದ್ದ. ಬೂಟಿನ ಮೂತಿ ಎರಡು ಪೆಡಲುಗಳ ನಡುವೆ ಸಿಕ್ಕಿಕೊಂಡಿತು, ಪತ್ರಿಕೆ ಮುದುಡಿತು, ಬ್ರೇಕ್ ಮಾತ್ರ ಒತ್ತಲಿಲ್ಲ.

ಅವನ ಹೆಂಡತಿ ಟ್ರೌಡಲ್‌ಗೆ ಮೂವತ್ತೊಂದು ವರ್ಷದಿಂದ ನಾರ್ಡ್‌ಕಾಪ್ ನೋಡುವ ಆಸೆ. ಉತ್ತರದ ತುತ್ತತುದಿ, ರಸ್ತೆ ಅಲ್ಲಿಗೆ ಮುಗಿಯುತ್ತದೆ, ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಕಳೆದ ವರ್ಷ ಹೊರಟಿದ್ದರು. ಹ್ಯಾಂಬರ್ಗಿನ ನದಿಯಡಿಯ ಸುರಂಗದಲ್ಲಿ ಗಾಡಿಗಳು ಎರಡು ಗಂಟೆ ಹತ್ತು ಹತ್ತು ಅಡಿ ತೆವಳಿದವು. ಹತ್ತಡಿಗೊಮ್ಮೆ ಕ್ಲಚ್. ಗೆರೋಲ್ಡನ ಮೀನಖಂಡ ಗಂಟುಕಟ್ಟಿ ಅವನು ಸುರಂಗದಲ್ಲೇ ಹಸು ಅಂಬಾ ಎಂದ ಹಾಗೆ ಕೂಗಿಕೊಂಡನಂತೆ. ಸುರಂಗ ದಾಟಿ ಗಾಡಿ ತಿರುಗಿಸಿಕೊಂಡು ಬಂದರು. ಈ ವರ್ಷ ಜುಲೈ ಎರಡನೆಯ ಶುಕ್ರವಾರಕ್ಕೆ ಕೀಲ್ ಬಂದರಿನಿಂದ ಹಡಗಿನ ಚೀಟಿ ಆಗಿತ್ತು.

ಹಾಗಾಗಿ ಅದಕ್ಕೆ ಹತ್ತು ದಿನ ಮೊದಲು ಗೆರೋಲ್ಡ್ ತಲೆಯನ್ನು ಪೆಡಲುಗಳ ನಡುವೆ ತೂರಿಸಿ, ಕಾಲನ್ನು ಬಾಗಿಲಾಚೆ ಚಾಚಿ, ಟೇಪು ಹಿಡಿದು ಮಲಗಿದ್ದ. ಹದಿನೆಂಟನೆಯ ಜಾಗದ ಲೋಥರ್ ಆ ದಾರಿಯಲ್ಲೇ ಬಂದ. ಲೋಥರ್ ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ಕೋಣೆಯಲ್ಲಿದ್ದವನು. ಒಂದು ವಸ್ತು ಅಲುಗಾಡಿದರೆ ಅದಕ್ಕೆ ಕಾರಣ ತಿಳಿಯದೆ ಅವನಿಗೆ ಊಟ ಸೇರದು.

"ಏನಯ್ಯಾ ಗೆರೋಲ್ಡ್, ಗಾಡಿ ನಿನ್ನನ್ನ ನುಂಗ್ತಾ ಇದೆಯಾ, ಇಲ್ಲಾ ಉಗುಳ್ತಾ ಇದೆಯಾ?"

"ಪೆಡಲ್ ಅಳೀತಿದೀನಿ. ಸ್ವಲ್ಪ ದೂರ ಆಯ್ತು."

"ನಿನಗಾ? ಆ ಬೂಟಿಗಾ?"

ಇಲ್ಲಿ ಗೆರೋಲ್ಡ್ ಒಂದು ಕ್ಷಣ ಸುಮ್ಮನಿದ್ದಿದ್ದರೆ ಸಾಕಿತ್ತು.

"ನನಗಲ್ಲ ಮಾರಾಯ. ಟ್ರೌಡಲ್‌ಗೆ. ಅವಳ ಪಾದ ಬಹಳ ಪುಟ್ಟದು."

"ಟ್ರೌಡಲ್ ಓಡಿಸ್ತಾಳಾ? ಅವಳಿಗೆ ಈ ಗಾಡಿ ಅಂದ್ರೆ ಭಯ ಅಂತ ನೀನೇ ಹೇಳಿದ್ದೆ."

"ಭಯ ಬಂದಿದ್ದೇ ಪಾದದಿಂದ," ಎಂದ ಗೆರೋಲ್ಡ್ ಪೆಡಲುಗಳ ನಡುವಿನಿಂದ.

ಟ್ರೌಡಲಳ ಪಾದ ನಲವತ್ತೆರಡು. ಅವಳು ಅದನ್ನು ಮುಚ್ಚಿಟ್ಟವಳಲ್ಲ, ಮೆರೆಸಿದವಳೂ ಅಲ್ಲ. ಯಾರೂ ನೋಡಿರಲಿಲ್ಲ, ಅಷ್ಟೆ. ಜನ ನೋಡುವುದು ತಮಗೆ ಹೇಳಿದ ಮೇಲೆ.

ಮಾರನೆಯ ಬೆಳಗ್ಗೆ ಬನ್ನಿನ ಸಾಲಿನಲ್ಲಿದ್ದವರೆಲ್ಲ ಟ್ರೌಡಲ್ ಬಂದಾಗ ಒಟ್ಟಿಗೇ ಕೆಳಗೆ ನೋಡಿದರು. ಇಬ್ಬನಿಯ ಹುಲ್ಲು ಉದ್ದವಿತ್ತು. ಏನೂ ಕಾಣಲಿಲ್ಲ. ಕಾಣದ್ದರಿಂದ ನಂಬಿಕೆ ಇನ್ನೂ ಬಲವಾಯಿತು. ಲೋಥರನ ಹೆಂಡತಿ ರೋಸ್ವಿತಾ ಸಾಲು ಬಿಟ್ಟು ಬಂದು ಅವಳ ತೋಳು ಹಿಡಿದಳು.

"ಯಾಕೆ ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲ ಟ್ರೌಡಲ್? ನಾವೇನು ಪರಕೀಯರಾ?"

"ಏನು ಹೇಳ್ಬೇಕಿತ್ತು?"

"ನೋಡಿ, ಈಗಲೂ ಹೇಗೆ ತಡ್ಕೊಳ್ತಾಳೆ!" ಎಂದಳು ರೋಸ್ವಿತಾ ಸಾಲಿನ ಕಡೆ ತಿರುಗಿ.

ಮಧ್ಯಾಹ್ನಕ್ಕೆ ಅವಳು ತೀರಿಹೋದ ತನ್ನ ತಾಯಿಯ ನೃತ್ಯದ ಬೂಟುಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟಳು. ಬೆಳ್ಳಿಬಣ್ಣದವು, ಮೂವತ್ತೈದು ನಂಬರು. ನಲವತ್ತು ವರ್ಷದಿಂದ ಯಾರ ಕಾಲಿಗೂ ಹಿಡಿಸದೆ ಕಾದಿದ್ದವಂತೆ. ಆ ಸಂಜೆ ತಗಡಿನ ಗೋಡೆಯಾಚೆಯಿಂದ ಮಾತು ಕೇಳಿಸಿತು. ನಾನು ಹಿಟ್ಟಿನ ಚೀಲ ಜೋಡಿಸುತ್ತಿದ್ದೆ.

"ನನ್ನ ಪಾದ ಯಾವಾಗಿಂದ ಪುಟ್ಟದಾಯ್ತು ಗೆರೋಲ್ಡ್?"

"ಬಾಯಿಗೆ ಬಂದ್ಬಿಡ್ತು ಕಣೇ."

"ನಿಜ ಯಾಕೆ ಬಾಯಿಗೆ ಬರಲಿಲ್ಲ?"

"ಲೋಥರ್ ಎದುರಿಗಾ? ಅವನು ಬರ್ಲಿನ್‌ವರೆಗೂ ಸಿಗ್ನಲ್ ಕೊಡ್ತಾನೆ."

"ಮದುವೆ ದಿನ ಪಾದ್ರಿ ಎದುರಿಗೆ ನಿನ್ನ ಬೂಟು ಕಳಚಿ ಹಿಂದೆ ಉಳೀತಲ್ಲ, ನಾನು ಯಾರಿಗಾದ್ರೂ ಹೇಳಿದ್ನಾ? ಗೌನಿನ ಅಂಚು ಅದರ ಮೇಲೆ ಎಳ್ಕೊಂಡು ನಿಂತೆ. ಇವತ್ತು ರೋಸ್ವಿತಾ ನನ್ನನ್ನ ಸ್ನಾನದ ಕಟ್ಟಡದವರೆಗೂ ಕೈಹಿಡಿದು ನಡೆಸಿದಳು. ಅಷ್ಟು ಚಿಕ್ಕ ಪಾದದ ಮೇಲೆ ಇಷ್ಟು ದೊಡ್ಡ ಮೈ ನಿಲ್ಲೋದೇ ಪವಾಡ ಅಂದಳು."

"ಶುಕ್ರವಾರದವರೆಗೆ ಟ್ರೌಡಲ್. ಬರೋ ವಾರದ ಶುಕ್ರವಾರದವರೆಗೆ ಮಾತ್ರ."

ಸ್ವಲ್ಪ ಹೊತ್ತು ತಟ್ಟೆ ಒರೆಸುವ ಸದ್ದು.

"ಸರಿ. ಶುಕ್ರವಾರ ನಾನು ಹಡಗಿನಲ್ಲಿರಬೇಕು. ಈ ಸಲವೂ ಸುರಂಗದಿಂದ ವಾಪಸ್ ಅಂದ್ರೆ, ನಿನ್ನ ಪಾದದ ನಂಬರ್ ಬರೆದು ಬನ್ನಿನ ಕಿಟಕಿಗೆ ಅಂಟಿಸ್ತೀನಿ."

ಮರುದಿನದಿಂದ ಆ ಕಾಲೊರಸಿನ ಮೇಲೆ ನಲವತ್ತನಾಲ್ಕರ ಬೂಟಿನ ಪಕ್ಕದಲ್ಲಿ ಬೆಳ್ಳಿಯ ನೃತ್ಯದ ಬೂಟುಗಳೂ ಕೂತವು. ಇಡದಿದ್ದರೆ ರೋಸ್ವಿತಾ ವಿಚಾರಿಸಿಕೊಳ್ಳಲು ಬರುತ್ತಿದ್ದಳು. ಟ್ರೌಡಲ್ ಮಾತ್ರ ಜುಲೈ ತಿಂಗಳ ಒಣಬಿಸಿಲಿನಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಓಡಾಡಿದಳು. ಪಾದಕ್ಕೆ ಆಧಾರವಿರಲಿ ಎಂದು ಡಾಕ್ಟರು ಹೇಳಿದ್ದಾರೆಂದು ಜನರೇ ನಿರ್ಧರಿಸಿದರು.

ಲೋಥರ್ ಸುಮ್ಮನೆ ಕೂರಲಿಲ್ಲ. ಓಕ್ ಮರದ ಮೂರು ದಿಮ್ಮಿ ಕೊಯ್ದು, ಉಜ್ಜಿ, ಕಬ್ಬಿಣದ ಪಟ್ಟಿ ಹೊಡೆದು, ಸೋಮವಾರ ಊಟದ ಹೊತ್ತಿಗೆ ಮೂರೂ ಪೆಡಲುಗಳಿಗೆ ಕಟ್ಟಿದ.

"ಪಾದ ಪೆಡಲಿಗೆ ಹೋಗದಿದ್ರೆ ಪೆಡಲೇ ಪಾದಕ್ಕೆ ಬರಬೇಕು. ಟ್ರೌಡಲ್‌ನ ಕರಿ, ಕೂತು ನೋಡ್ಲಿ."

"ಅವಳಿಗೆ ತಲೆನೋವು. ನಾನೇ ನೋಡ್ತೀನಿ."

"ನಿನ್ನ ಪಾದದಿಂದ ಏನು ಗೊತ್ತಾಗುತ್ತೆ?"

"ಅಂದಾಜು ಗೊತ್ತಾಗುತ್ತೆ," ಎಂದು ಗೆರೋಲ್ಡ್ ಬೂಟು ಹೊರಗೆ ಬಿಡದೆ ಒಳಕ್ಕೆ ಹತ್ತಿ, ಪಕ್ಕದ ಕಿಟಕಿಯ ಪರದೆ ಎಳೆದು, ಕಾಲುಚೀಲದಲ್ಲಿ ಕೂತ.

ದಿಮ್ಮಿಗಳು ಪಾದಕ್ಕೇನೋ ಚೆನ್ನಾಗಿಯೇ ಸಿಕ್ಕವು. ಸಿಕ್ಕಮೇಲೆ ಅವನ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿತು. ಆದರೂ ನೋಡೋಣವೆಂದು ಕೀಲಿ ತಿರುಗಿಸಿದ, ಗಾಡಿ ಚಾಲೂ ಆಯಿತು. ಕ್ಲಚ್ಚಿನ ಮೇಲಿನ ದಿಮ್ಮಿ ಹುಳುಕುಹಲ್ಲಿನ ಹಾಗೆ ಪಕ್ಕಕ್ಕೆ ವಾಲಿ ಬ್ರೇಕಿನ ಕೆಳಗೆ ಕೂತಿತು. ಗಾಡಿ ನಿಧಾನವಾಗಿ, ಬಹಳ ಗಂಭೀರವಾಗಿ ದಾರಿ ದಾಟಿ, ಮೇಲ್ವಿಚಾರಕರ ಧ್ವಜದ ಕಂಬಕ್ಕೆ ಒರಗಿ ನಿಂತಿತು. ಗೆರೋಲ್ಡನ ಮೊಣಕಾಲು ಹಾರ್ನಿನ ಮೇಲಿತ್ತು, ತೆಗೆಯಲು ಜಾಗವಿರಲಿಲ್ಲ. ಅವನ ಕೈಗೆ ಕೀಲಿ ಸಿಕ್ಕುವವರೆಗೆ ಹಾರ್ನು ಮೂರು ನಿಮಿಷ ಕೂಗಿತು.

ಮೇಲ್ವಿಚಾರಕ ಹೆರ್ ಕ್ವಾಸ್ಟ್ ಕೋಣೆಯಿಂದ ಹೊರಬಂದರು. ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಫಾರ್ಮು.

"ಗಂಟೆ ಎಷ್ಟು?"

"ಕಂಬ ಬಾಗಿದೆ ಹೆರ್ ಕ್ವಾಸ್ಟ್, ನಾನೇ ಸರಿಮಾಡಿ..."

"ಕಂಬದ ಮಾತು ಮೂರು ಗಂಟೆ ಮೇಲೆ. ಈಗ ಗಂಟೆ ಎಷ್ಟು?"

"ಒಂದು ಇಪ್ಪತ್ತು."

"ಮಧ್ಯಾಹ್ನದ ವಿಶ್ರಾಂತಿ ಎಷ್ಟರಿಂದ ಎಷ್ಟು?"

"ಒಂದರಿಂದ ಮೂರು."

"ಹನ್ನೊಂದು ವರ್ಷದಲ್ಲಿ ಒಂದು ನಾಯಿ ಬೊಗಳಿಲ್ಲ ಈ ಹೊತ್ತಿನಲ್ಲಿ. ಗಾಡಿ ಓಡಿಸ್ತಿದ್ದದ್ದು ಯಾರು?"

ಗೆರೋಲ್ಡ್ ಡ್ರೈವರನ ಸೀಟಿನಲ್ಲಿ, ಸ್ಟೀರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಬಿದ್ದಿದ್ದ. ಮೈದಾನದ ಅರ್ಧ ಜನ ನಿಂತು ನೋಡುತ್ತಿದ್ದರು.

"ನನ್ನ ಹೆಂಡತಿ," ಎಂದ.

ಹೆರ್ ಕ್ವಾಸ್ಟ್ ಬರೆದುಕೊಂಡರು. ಟ್ರೌಡಲ್ ಅರ್ಧ ಸಿಪ್ಪೆ ಸುಲಿದ ಆಲೂಗಡ್ಡೆ ಹಿಡಿದು ರಬ್ಬರ್ ಬೂಟಿನಲ್ಲಿ ಬಂದಳು. ಗಂಡನನ್ನು ನೋಡಿದಳು. ಶುಕ್ರವಾರವನ್ನೂ ನೋಡಿದಳೆಂದು ಕಾಣುತ್ತದೆ.

"ಹೌದು, ನಾನೇ," ಎಂದಳು.

ಬರೆದಿಟ್ಟದ್ದನ್ನು ಕಣ್ಣು ಅಲ್ಲಗಳೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. "ಪಾಪ, ಆ ಪಾದದಲ್ಲಿ," ಎಂದಳು ರೋಸ್ವಿತಾ, ಅಷ್ಟೆ.

ಹೆರ್ ಕ್ವಾಸ್ಟ್ ತೀರ್ಪು ಕೊಟ್ಟರು. ಬುಧವಾರ ಗಾಡಿಗಳ ಗ್ಯಾಸ್ ಒಲೆ ಪರೀಕ್ಷಿಸಲು ಪಟ್ಟಣದಿಂದ ಪರೀಕ್ಷಕರು ಬರುತ್ತಾರೆ. ಅವರು ಪೆಡಲನ್ನೂ ನೋಡಲಿ. ಅವರ ಮುದ್ರೆ ಬೀಳದೆ ಈ ಗಾಡಿ ಗೇಟು ದಾಟುವಂತಿಲ್ಲ. ಸಿಕ್ಕಿಬಿದ್ದವನನ್ನು ಬಿಡಿಸಲು ಮೂರು ಗಂಟೆಯವರೆಗೆ ಕಾಯಬೇಕಾಯಿತು, ಯಾಕೆಂದರೆ ಸುತ್ತಿಗೆ ಬೇಕಿತ್ತು.

ಬುಧವಾರ ಬಂದವರು ಫ್ರಾವ್ ಲಿನ್ನೆ. ಮೂವತ್ತರ ಒಳಗಿನ ಹುಡುಗಿ, ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಉಕ್ಕಿನ ಸ್ಕೇಲು. ಹದಿನಾರು ಗಾಡಿಗಳ ಗ್ಯಾಸ್ ನೋಡಿ ಹದಿನೇಳಕ್ಕೆ ಬರುವಷ್ಟರಲ್ಲಿ ಅಲ್ಲಿ ಮಡಚುವ ಕುರ್ಚಿಗಳು ಎರಡು ಸಾಲು ಬಿದ್ದಿದ್ದವು. ಪ್ಲಮ್ ಹಣ್ಣಿನ ಕೇಕ್ ಕೊಯ್ದಾಗಿತ್ತು.

"ನಾನು ಬಂದಿದ್ದು ಗ್ಯಾಸಿಗೆ," ಎಂದಳು ಆಕೆ ದಿಮ್ಮಿಗಳ ಮೇಲೆ ಟಾರ್ಚು ಬಿಟ್ಟು. "ಆದರೆ ಬ್ರೇಕಿಗೆ ಸೌದೆ ಕಟ್ಟಿರೋದನ್ನ ಕಂಡೂ ಹೋಗೋಕಾಗಲ್ಲ. ಕಟ್ಟಿದ್ದು ಯಾರು?"

ಲೋಥರ್ ಎದ್ದು ನಿಂತು ತಲೆಬಾಗಿದ, ಪದಕ ಕೊಡುತ್ತಾರೆಂಬಂತೆ.

"ಬಿಚ್ಚಿ," ಎಂದಳು. "ಓಡಿಸೋರು ಯಾರು?"

ಎರಡು ಸಾಲಿನ ಕೈಗಳೂ ಟ್ರೌಡಲಳನ್ನು ತೋರಿಸಿದವು.

"ಹತ್ತಿ ಕೂತ್ಕೊಳ್ಳಿ. ಈ ಬೂಟಿನಲ್ಲಿ ಏನೂ ತಿಳಿಯಲ್ಲ, ತೆಗೀರಿ."

ಕೇಕ್ ತಿನ್ನುವ ಸದ್ದು ನಿಂತಿತು. ಟ್ರೌಡಲ್ ಗಂಡನ ಕಡೆ ನೋಡಿದಳು. ಅವನು ನದಿಯ ಕಡೆ ನೋಡಿದ. ಅವಳು ಒಂದು ಬೂಟು ಎಳೆದಳು, ಇನ್ನೊಂದು ಎಳೆದಳು. ಬೂದುಬಣ್ಣದ ಉಣ್ಣೆಯ ಕಾಲುಚೀಲದಲ್ಲಿ ಎರಡು ಪಾದಗಳು, ಇಡೀ ನಲವತ್ತೆರಡು, ಬಿಸಿಲಿಗೆ ಬಂದವು. ಫ್ರಾವ್ ಲಿನ್ನೆ ಸ್ಕೇಲು ಹಿಡಿದಳು.

"ಇಪ್ಪತ್ತೇಳು ಸೆಂಟಿಮೀಟರ್. ಬಂಗಾರದಂಥ ಪಾದ."

ನಾನು ಕಿಟಕಿಯಿಂದ ಈಚೆ ಬಾಗಿದ್ದೆ. ಈಗ ಮುಗಿಯಿತು ಎಂದುಕೊಂಡೆ.

"ಬಾವು!" ಎಂದಳು ರೋಸ್ವಿತಾ. "ಅಯ್ಯೋ, ನೀರು ತುಂಬ್ಕೊಂಡಿದೆ! ಒಂದು ವಾರ ರಬ್ಬರಿನಲ್ಲಿಟ್ಟರೆ ಇನ್ನೇನಾಗುತ್ತೆ?"

"ಸೆಕೆ," ಎಂದ ಲೋಥರ್. "ರೈಲಿನ ಹಳಿಯೇ ಉದ್ದ ಆಗುತ್ತೆ ಈ ಸೆಕೆಗೆ."

ಎಲ್ಲರೂ ತಲೆಯಾಡಿಸಿ ಕೇಕಿಗೆ ಮರಳಿದರು. ಫ್ರಾವ್ ಲಿನ್ನೆ ಅದನ್ನೆಲ್ಲ ಕೇಳಿಸಿಕೊಂಡಂತಿರಲಿಲ್ಲ. ಟ್ರೌಡಲಳಿಗೆ ಬ್ರೇಕ್ ಒತ್ತಿಸಿದಳು, ಕ್ಲಚ್ ಒತ್ತಿಸಿದಳು, ನೀರಿನ ನಲ್ಲಿಯವರೆಗೆ ಹೋಗಿ ಬರಲು ಹೇಳಿ ಪಕ್ಕದಲ್ಲಿ ಕೂತಳು. ಟ್ರೌಡಲ್ ಗಾಡಿ ಓಡಿಸಿ ಇಪ್ಪತ್ತು ವರ್ಷವಾಗಿತ್ತು, ಇದನ್ನಂತೂ ಮುಟ್ಟಿಯೇ ಇರಲಿಲ್ಲ. ಹೋದಳು, ತಿರುಗಿಸಿದಳು, ಬಂದಳು. ಇಳಿದಾಗ ಅವಳ ಮುಖದಲ್ಲಿ ಏನೋ ಇತ್ತು. ಹೊಸ ಅಂಗಡಿಯೊಳಗೆ ಇಣುಕಿ ನೋಡಿ ಬಂದವರ ಮುಖದಲ್ಲಿ ಇರುವಂಥದು.

"ಇವರ ಪಾದಕ್ಕೆ ಈ ಗಾಡಿ ಅಳತೆ ತೆಗೆದು ಮಾಡಿದ ಹಾಗಿದೆ," ಎಂದಳು ಫ್ರಾವ್ ಲಿನ್ನೆ. "ಯಾವ ಬದಲಾವಣೆಯೂ ಬೇಡ. ಮುಂದಿನ ಗಾಡಿ ಯಾವುದು?"

ಬದಲಾವಣೆ ಇಲ್ಲವೆಂದರೆ ಗೆರೋಲ್ಡನಿಗೆ ಸುರಂಗ. ಸುರಂಗವೆಂದರೆ ಹಡಗು ತಪ್ಪಿತು. ಟ್ರೌಡಲ್ ಹುಲ್ಲಿನ ಮೇಲೆ ಕಾಲುಚೀಲದಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಗೆರೋಲ್ಡ್ ಮೀಸೆ ಒರೆಸಿಕೊಂಡ. ಮುಂದೆ ಬಂದ.

"ಪಾದ ಅವಳದ್ದಲ್ಲ," ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ, "ಚಿಕ್ಕ ಪಾದ ನನ್ನದು. ಮೊದಲಿಂದಲೂ ನನ್ನದೇ."

ರೋಸ್ವಿತಾ ಕರವಸ್ತ್ರ ತೆಗೆದಳು.

"ಕೇಳಿದ್ರಾ? ಹೆಂಡತಿ ಮಾನ ಉಳಿಸೋಕೆ ಎಷ್ಟು ಜನರೆದುರಿಗೆ ಏನಂದ! ಲೋಥರ್, ನೀನು ನನಗೋಸ್ಕರ ಇಂಥ ಮಾತು ಆಡ್ತಿದ್ಯಾ?"

"ನಾನು ಮೂರು ದಿಮ್ಮಿ ಕೊಯ್ದಿದ್ದೀನಲ್ಲ," ಎಂದ ಲೋಥರ್ ಮುಖ ಗಂಟಿಕ್ಕಿ.

"ನಿಜ ಹೇಳ್ತಿದೀನಿ! ಬೂಟಿನೊಳಗೆ ಪೇಪರ್ ಇದೆ!"

"ಸಾಕು ಗೆರೋಲ್ಡ್, ಸಾಕು. ನಿನ್ನ ದೊಡ್ಡ ಮನಸ್ಸು ನಮಗೆಲ್ಲ ಅರ್ಥ ಆಯ್ತು," ಎಂದಳು ರೋಸ್ವಿತಾ. ಯಾರೋ ಚಪ್ಪಾಳೆ ತಟ್ಟಿದರು. ಹೆರ್ ಕ್ವಾಸ್ಟ್ ತಮ್ಮ ಫಾರ್ಮು ತೆಗೆದು ತೋರಿಸಿದರು: ಸೋಮವಾರ ಒಂದು ಇಪ್ಪತ್ತಕ್ಕೆ ಗಾಡಿ ಓಡಿಸುತ್ತಿದ್ದದ್ದು ಟ್ರೌಡಲ್ ವಿಟ್‌ಕಾಪ್ ಎಂದು ಸ್ಪಷ್ಟವಾಗಿ ಬರೆದಿದೆಯಲ್ಲ.

ಗೆರೋಲ್ಡ್ ಬೂಟಿನ ದಾರಕ್ಕೆ ಬಾಗಿದ. ಫ್ರಾವ್ ಲಿನ್ನೆ ಅವನ ಭುಜ ತಟ್ಟಿ, "ಒಳಗೆ ಬನ್ನಿ. ಬಾಗಿಲು ಹಾಕ್ಕೊಳ್ಳಿ," ಎಂದಳು. ಮೂವರೂ ಒಳಗೆ ಹೋದರು. ಪರದೆ ಬಿತ್ತು. ಸುಳ್ಳು ಹೇಳಿದ್ದಕ್ಕೆ ಅವನಿಗೆ ಬೈಯುತ್ತಿದ್ದಾರೆಂದು ಹೊರಗಿನವರು ಮರುಗಿದರು.

ಒಳಗೆ ನಡೆದದ್ದನ್ನು ಟ್ರೌಡಲ್ ಆ ಸಂಜೆ ನನಗೆ ಹೇಳಿದಳು. ಬೂಟಿನಿಂದ ಎರಡು ಭಾನುವಾರದ ಪತ್ರಿಕೆ ಹೊರಬಂತು. ಫ್ರಾವ್ ಲಿನ್ನೆ ನಗಲಿಲ್ಲ. ಇಪ್ಪತ್ತನಾಲ್ಕು ಸೆಂಟಿಮೀಟರ್ ಎಂದು ಬರೆದುಕೊಂಡು, ಲೋಥರನ ದಿಮ್ಮಿಯೊಂದನ್ನು ಪೆಡಲಿಗಲ್ಲ, ಅವನ ಹಿಮ್ಮಡಿಯ ಕೆಳಗೆ ಇಟ್ಟಳು.

"ಈಗ ಒತ್ತಿ."

ಗೆರೋಲ್ಡ್ ಒತ್ತಿದ. ಹಿಮ್ಮಡಿ ಕೂತಲ್ಲೇ ಕೂತಿತ್ತು, ಬೆರಳು ಪೆಡಲಿನ ನಟ್ಟನಡುವಿಗೆ ಬಂದಿತ್ತು. ಬಿಟ್ಟ. ಮತ್ತೆ ಒತ್ತಿದ. ಮೂವತ್ತು ಸಲ ಒತ್ತಿದನಂತೆ.

"ಇಷ್ಟೇನಾ?" ಎಂದ.

"ಇಷ್ಟೇ. ಪೆಡಲ್‌ನ ಪಾದಕ್ಕೆ ತರಬೇಡಿ, ನೆಲವನ್ನ ತನ್ನಿ. ಆದರೆ ಇದು ಜಾರಿ ಬ್ರೇಕಿನ ಕೆಳಗೆ ಹೋಗಬಾರದು. ಒಂದೇ ಹಲಗೆ, ನಾಲ್ಕು ಸೆಂಟಿಮೀಟರ್ ದಪ್ಪ, ಮೇಲೆ ರಬ್ಬರು, ನೆಲಕ್ಕೆ ಎರಡು ತಿರುಪು. ಕೈಯಲ್ಲೇ ತಿರುಗಿಸೋ ಹಾಗಿರ್ಲಿ."

"ತೆಗೆಯೋಕೂ ಬರುತ್ತಾ?" ಎಂದು ಕೇಳಿದಳು ಟ್ರೌಡಲ್.

"ಅರ್ಧ ನಿಮಿಷ."

ಹಲಗೆಯನ್ನು ಲೋಥರನೇ ಕೊಯ್ದ, ಅವನಿಗೆ ಹುರುಪು ಬಂದಿತ್ತು. ಪರೀಕ್ಷಕಿ ಮುದ್ರೆ ಒತ್ತಿದ ಕಾಗದದಲ್ಲಿ 'ಚಿಕ್ಕ ಪಾದದ ಚಾಲಕರಿಗೆ ಹಿಮ್ಮಡಿ ಹಲಗೆ' ಎಂದಿತ್ತು. ಹೆರ್ ಕ್ವಾಸ್ಟ್ ಅದನ್ನು ಎಲ್ಲರಿಗೂ ಓದಿ ಹೇಳಿದರು. ಸರ್ಕಾರವೇ ಬರೆದುಕೊಟ್ಟ ಮೇಲೆ ಟ್ರೌಡಲಳ ಪಾದದ ಬಗ್ಗೆ ಇನ್ಯಾರಿಗೆ ಸಂಶಯ?

ಆ ಸಂಜೆ ತಗಡಿನಾಚೆ ಮಾತು ಬಹಳ ಇರಲಿಲ್ಲ.

"ಹೇಳಿದೆನಲ್ಲ ಟ್ರೌಡಲ್. ನಂಬದಿದ್ರೆ ನಾನೇನು ಮಾಡ್ಲಿ?"

"ಹೇಳಿದೆ. ಕೇಳಿಸ್ಕೊಂಡೆ. ಗೆರೋಲ್ಡ್, ಇಷ್ಟು ವರ್ಷ ನೀನು ಕೊಕ್ಕರೆ ಹಾಗೆ ಕಾಲೆತ್ಕೊಂಡು ಕೂತಿದ್ದೆ. ಪಕ್ಕದಲ್ಲೇ ನಲವತ್ತೆರಡು ನಂಬರು ಸುಮ್ಮನೆ ಕೂತಿತ್ತು."

"ಹೂಂ."

"ಸುರಂಗ ನಾನು ದಾಟಿಸ್ತೀನಿ. ಆಚೆ ಹೋದಮೇಲೆ ಹಲಗೆ ಹಾಕ್ಕೊಂಡು ನೀನು ಓಡ್ಸು."

ಗೆರೋಲ್ಡ್ ಏನೋ ಹೇಳಿದ. ಕೇಳಿಸಲಿಲ್ಲ. ಒಪ್ಪಿರಬೇಕು.

ಗುರುವಾರ ಬೆಳಗ್ಗೆ ಏಳಕ್ಕೆ ಗೇಟು ತೆರೆಯುವ ಮೊದಲೇ ಎಲ್ಲರೂ ದಾರಿಯ ಎರಡು ಬದಿ ಕರವಸ್ತ್ರ ಹಿಡಿದು ನಿಂತಿದ್ದರು. ನಮ್ಮಲ್ಲಿ ಯಾರು ದೂರ ಹೊರಟರೂ ಹಾಗೆ. ಗಾಡಿ ಬಂದು ನನ್ನ ಕಿಟಕಿಯ ಮುಂದೆ ನಿಂತಿತು. ಸ್ಟೀರಿಂಗ್ ಹಿಡಿದಿದ್ದವಳು ಟ್ರೌಡಲ್. ಜನ ಹೋ ಎಂದರು. ಗೆರೋಲ್ಡ್ ಪಕ್ಕದ ಸೀಟಿನಲ್ಲಿ ಬಹಳ ನೆಟ್ಟಗೆ ಕೂತಿದ್ದ. ತೊಡೆಯ ಮೇಲೆ ಅಡಿಗೆಯ ಬಟ್ಟೆ ಹೊದಿಸಿದ ಏನೋ ಇತ್ತು. ಬನ್ನಿನ ಚೀಲಕ್ಕೆ ಅವನು ಕೈ ಚಾಚಿದಾಗ ಬಟ್ಟೆ ಸರಿಯಿತು. ಓಕ್ ಮರದ ಹಲಗೆ. ಎರಡು ತಿರುಪನ್ನು ಇನ್ನೊಂದು ಕೈಯಲ್ಲಿ ಬಿಗಿಹಿಡಿದಿದ್ದ.

ಲೋಥರ್ ಗಾಡಿಯ ಇನ್ನೊಂದು ಮಗ್ಗುಲಿಗೆ ಓಡಿ ಬಂದ.

"ಟ್ರೌಡಲ್! ಹಲಗೆ ಹೇಗಿದೆ? ಹಿಮ್ಮಡಿಗೆ ಒತ್ತುತ್ತಾ?"

ಟ್ರೌಡಲ್ ಕ್ಲಚ್ ಬಿಟ್ಟಳು. ಗಾಡಿ ಒಂದಿಷ್ಟೂ ಕುಲುಕದೆ ಹೊರಟಿತು.

"ಬಹಳ ಚೆನ್ನಾಗಿದೆ ಲೋಥರ್! ಕಾಲ ಕೆಳಗೆ ಇದೆ ಅಂತಲೇ ಗೊತ್ತಾಗಲ್ಲ!"

ಗೇಟು ಮೇಲೆದ್ದಿತು. ಲೋಥರ್ ನಮ್ಮ ಕಡೆ ತಿರುಗಿದ. ಕಣ್ಣು ಒದ್ದೆಯಾಗಿತ್ತು.

"ಕೇಳಿದ್ರಾ?" ಎಂದ. "ಮರಗೆಲಸ ಅಂದ್ರೆ ಹಾಗಿರ್ಬೇಕು."